ಲೈನ್ ಮನೆಯನ್ನು ಯಾರು ನೋಡುತ್ತಾರೆ?



ತೋಟ ಕೊಳ್ಳುವ ವಿಷಯದಲ್ಲಿ ನಮ್ಮಷ್ಟು ಹುಷಾರಿನವರು ಬೇರೆ ಯಾರೂ ಇರಲಾರರು. ಅಡಿಕೆ ಮರಗಳನ್ನು ಎಣಿಸುತ್ತೇವೆ. ಹಳದಿ ಎಲೆ ರೋಗ ಇದೆಯೇ ಎಂದು ಸಾಲು ಸಾಲಾಗಿ ನಡೆದು ನೋಡುತ್ತೇವೆ. ಅರೇಬಿಕಾ ಗಿಡವಾದರೆ ಕಾಂಡ ಕೊರೆಯುವ ಹುಳುವಿನ ಗುರುತು ಹುಡುಕುತ್ತೇವೆ. ನೀರಿನ ಮೂಲ, ದಾರಿಯ ಹಕ್ಕು, ಪಹಣಿ, ಮಣ್ಣು ಪರೀಕ್ಷೆ, ಯಾವುದನ್ನೂ ಬಿಡುವುದಿಲ್ಲ. ಆದರೆ ಅದೇ ತೋಟದೊಳಗಿನ ಮನೆಯನ್ನು ನೋಡಲು ನಾವು ಕೊಡುವ ಹೊತ್ತು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು. ಆಳುಗಳ ಲೈನ್ ಮನೆಯ ಬಾಗಿಲನ್ನಂತೂ ತೆಗೆದು ಒಳಗೆ ಹೋಗುವವರೇ ಕಡಿಮೆ. ಕೊಂಡ ಮೇಲಾದರೂ ನೋಡುತ್ತೇವೆಯೇ? ಹೆಂಚು ಒಡೆದು ಸೋರಿದಾಗ ಒಂದು ಹೆಂಚು ಬದಲಾಯಿಸುತ್ತೇವೆ, ಅಷ್ಟೆ.

ಈ ತಪ್ಪನ್ನು ನಮಗೆ ತೋರಿಸಿಕೊಟ್ಟವರು ಎಂಜಿನಿಯರರೂ ಅಲ್ಲ, ಅಧಿಕಾರಿಯೂ ಅಲ್ಲ. ಮುಳಗುಂದದ ಒಬ್ಬ ಹಿರಿಯರು.

ನಮ್ಮ ತೋಟದಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುವ ಒಂದು ಕುಟುಂಬ ಮುಳಗುಂದದ್ದು. ಕಾಫಿ ಕೊಯ್ಲು ಮುಗಿದ ಮೇಲೆ ಊರಿಗೆ ಹೋಗುತ್ತಾರೆ, ಜೂನ್ ಮೊದಲ ವಾರ ತಿರುಗಿ ಬರುತ್ತಾರೆ. ಮಳೆಗಾಲವೆಲ್ಲ ನಮ್ಮ ಲೈನಿನಲ್ಲೇ ವಾಸ. ಕಳೆದ ಬೇಸಿಗೆಯಲ್ಲಿ ಅವರ ಮನೆಯ ಮದುವೆಗೆ ನಮ್ಮನ್ನು ಕರೆದಿದ್ದರು. ಗದಗದಿಂದ ಸುಮಾರು 20 ಕಿಲೋಮೀಟರ್. ಧರ್ಮಾಮೃತ ಬರೆದ ನಯಸೇನ ಕವಿಯ ಊರು, ಹಳೆಯ ಬಸದಿ, ಗುಡಿ, ಶಾಸನಗಳ ಊರು ಎಂದು ಕೇಳಿದ್ದೆವು. ಗುಡಿ ನೋಡುವ ಆಸೆಯೂ ಇತ್ತು. ಆದರೆ ನಾವು ಕಲಿತು ಬಂದದ್ದು ಮದುವೆಯ ಮರುದಿನ, ಅವರ ಮಾಳಿಗೆಯ ಮೇಲೆ.

ಆ ಸೀಮೆಯ ಹಳೆಯ ಮನೆ ನಮ್ಮದರಂತಲ್ಲ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ನೀರು ಬಿಡದ ಮಣ್ಣಿನ ಮೇಲ್ಮುದ್ದೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ವರ್ಷಕ್ಕೊಮ್ಮೆ ಕಣ್ಣಿಟ್ಟು ನೋಡದಿದ್ದರೆ ಈ ಮನೆ ಉಳಿಯುವುದಿಲ್ಲ. ಮಳೆ ಹಿಡಿಯುವ ಮೊದಲು ನೋಡುವುದು ಅವರ ಪದ್ಧತಿ. ಮನೆಯ ಯಜಮಾನರಾದ ಆ ಹಿರಿಯರು ಊರಿನ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದರು. ಇಬ್ಬರೂ ಏಣಿ ಹತ್ತಿದರು. ನಾವೂ ಹತ್ತಿದೆವು.

ಮೊದಲು ನೀರು ಎತ್ತ ಹರಿಯುತ್ತದೆ ಎಂದು ಒಂದು ಕೊಡ ನೀರು ಸುರಿದು ನೋಡಿದರು. ನೀರು ಹೋಗುವ ದೋಣಿಯಲ್ಲಿ ಕಟ್ಟಿದ್ದ ಕಸ ತೆಗೆದರು. ಇಲಿ ತೋಡಿದ ಬಿಲ ಹುಡುಕಿದರು. ಆಮೇಲೆ ಒಂದು ಮೂಲೆಯಲ್ಲಿ ಸಲಾಕೆ ಇಳಿಸಿ ಮಣ್ಣಿನ ದಪ್ಪ ಅಳೆದರು. ದಪ್ಪ ಹೆಚ್ಚಾಗಿದ್ದ ಕಡೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು ಎಂದು ಮೇಸ್ತ್ರಿ ಹೇಳಿದರು. ಕೆಳಗಿಳಿದು ಜಂತಿಯ ತುದಿಗಳನ್ನು, ಅಂದರೆ ಗೋಡೆಯೊಳಗೆ ಹೊಕ್ಕಿರುವ ಭಾಗವನ್ನು, ಸುತ್ತಿಗೆಯಿಂದ ತಟ್ಟಿದರು. ಗಟ್ಟಿ ಮರ ಕೊಡುವ ದನಿಯೇ ಬೇರೆ, ಗೆದ್ದಲು ತಿಂದ ಮರದ ದನಿಯೇ ಬೇರೆ. ಗೋಡೆಯ ಒಂದು ಬಿರುಕಿಗೆ ಕಾಗದದ ಚೀಟಿ ಅಂಟಿಸಿ ದಿನಾಂಕ ಬರೆದರು. ಚೀಟಿ ಹರಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಎರೆ ಭೂಮಿ ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅಲ್ಲಿ ಬಿರುಕಿಲ್ಲದ ಗೋಡೆ ಅಪರೂಪ. ಬೆಳೆಯುವ ಬಿರುಕು ಯಾವುದು, ನಿಂತ ಬಿರುಕು ಯಾವುದು ಎಂದು ತಿಳಿಯುವುದೇ ಮುಖ್ಯ.

ಎಲ್ಲ ಮುಗಿದ ಮೇಲೆ ಹಿರಿಯರು ನಮ್ಮನ್ನು ಕೇಳಿದರು: “ಅಲ್ರೀ ಸಾವಕಾರ್ರ, ನನ್ನ ಮಗ, ಮೊಮ್ಮಕ್ಕಳು ಮಳಿಗಾಲ ಪೂರ್ತಿ ನಿಮ್ಮ ಲೈನ್ ಮನ್ಯಾಗ ಮಲಗ್ತಾರ. ಅದನ್ನ ಯಾರ ನೋಡ್ತಾರ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. “ನಾವೇ ನೋಡುತ್ತೇವೆ” ಎಂದೆವು. ಅದು ನಿಜವಲ್ಲವೆಂದು ನಮಗೂ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಾಯಿತು.

ಆ ಕಡೆಯ ಜನ ಹೀಗೆ ಕೇಳುವುದಕ್ಕೆ ಕಾರಣವಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಮಲಗಿದ್ದವರ ಮೇಲೆ ಬಿದ್ದದ್ದು ಇಂಥದೇ ಕಲ್ಲು ಮಣ್ಣಿನ ಗೋಡೆ, ಇಂಥದೇ ಮಣ್ಣಿನ ಮಾಳಿಗೆ. ವರ್ಷವರ್ಷವೂ ಸೋರಿಕೆ ನಿಲ್ಲಿಸಲು ಮಣ್ಣು ಹೇರುತ್ತ ಬಂದದ್ದರಿಂದ ಮಾಳಿಗೆಗಳು ಬಹಳ ಭಾರವಾಗಿದ್ದವು. ಲೆಕ್ಕ ಹಾಕಿ ನೋಡಿ. ನೂರು ಚದರ ಅಡಿ ಮಾಳಿಗೆಗೆ ಒಂದು ಅಂಗುಲ ಮಣ್ಣು ಹೆಚ್ಚಿದರೆ ಸುಮಾರು 4 ಕ್ವಿಂಟಾಲ್ ಭಾರ ಏರಿತು. ಅಂದರೆ 50 ಕಿಲೋ ಚೀಲ ಎಂಟು. ನೆನೆದರೆ ಇನ್ನೂ ಹೆಚ್ಚು. ಇನ್ನು 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಮಣ್ಣಿನ ಮನೆಗಳು ಲಕ್ಷಗಟ್ಟಲೆ ಹಾಳಾದವು. 2019ರಲ್ಲಿ ಮತ್ತೆ ಅದೇ ಕಥೆ. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪರಿಹಾರ ಒಳ್ಳೆಯದೇ. ಆದರೆ ಅದು ಮನೆ ಬಿದ್ದ ಮೇಲಿನ ಮಾತು. ಬೀಳುವ ಮೊದಲಿನ ಮಾತು ಪರೀಕ್ಷೆ.

ಮನೆ ಪರೀಕ್ಷೆ ಹೊರದೇಶಗಳಲ್ಲಿ ಒಂದು ವೃತ್ತಿಯೇ ಆಗಿದೆ. ಅಮೆರಿಕದಲ್ಲಿ ಮನೆ ಪರೀಕ್ಷಕರು 1976ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಪರೀಕ್ಷಿಸಿದ ಮನೆಯ ದುರಸ್ತಿಯನ್ನು ಒಂದು ವರ್ಷದೊಳಗೆ ತಾನೇ ಹಣಕ್ಕೆ ಹಿಡಿಯಬಾರದೆಂಬುದು ಅವರ ನಿಯಮಗಳಲ್ಲಿ ಒಂದು. ನಮ್ಮ ದೊಡ್ಡ ನಗರಗಳಲ್ಲಿಯೂ ಈಗ ಈ ಕೆಲಸ ಮಾಡುವವರು ಇದ್ದಾರೆ. ಹಾಗಾದರೆ ಇಂಥ ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ? ನಮ್ಮ ಮನೆಗಳಿಗೆ ಹೊಂದಿಸಿ ಹೇಳುವುದಾದರೆ ಇಷ್ಟು:

1. ನಿವೇಶನ. ಮನೆಯ ಸುತ್ತ ನೀರು ನಿಲ್ಲುತ್ತದೆಯೇ, ಹಿಂದಿನ ಧರೆ ಎಷ್ಟು ಎತ್ತರ, ಎಷ್ಟು ನೇರ, ಅದರಲ್ಲಿ ಬಿರುಕು ಅಥವಾ ಒರತೆ ಇದೆಯೇ, ಒರಗಿದ ಮರ ಇದೆಯೇ.

2. ತಳಪಾಯ ಮತ್ತು ಗೋಡೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಹೊಟ್ಟೆ ಬಿಟ್ಟ ಗೋಡೆ, ಬುಡದಲ್ಲಿ ತೇವ, ಇದ್ದಕ್ಕಿದ್ದಂತೆ ಹಾಕಲಾಗದೆ ಹೋದ ಬಾಗಿಲು. ಇವು ನೆಲ ಕುಸಿಯುವುದರ ಸೂಚನೆ ಆಗಿರಬಹುದು.

3. ಮಾಡು. ಹೆಂಚು, ರೀಪು, ಪಕಾಸು, ತೊಲೆ, ಎರಡು ಮಾಡು ಸೇರುವ ಕಡೆಯ ತಗಡು. ಒರಲೆ, ಕೊಳೆತ. ತಾರಸಿಯಾದರೆ ನೀರು ನಿಲ್ಲುವ ತಗ್ಗು, ಉದುರುವ ಗಾರೆ, ತುಕ್ಕು ಹಿಡಿದ ಕಬ್ಬಿಣ.

4. ಅಟ್ಟ. ಅಡಿಕೆ, ಮೆಣಸು, ಕಾಫಿ ಚೀಲಗಳನ್ನು ಏರಿಸಿಡುವ ನಮಗೆ ಇದು ಮುಖ್ಯ. ಮನೆ ಕಟ್ಟಿದವರು ಜನರ ಓಡಾಟಕ್ಕೆಂದು ಹಾಕಿದ ಹಲಗೆಯ ಮೇಲೆ ನಾವು ಇಡುವುದು ಹತ್ತಾರು ಕ್ವಿಂಟಾಲ್.

5. ವಿದ್ಯುತ್. ಇಲಿ ಕಡಿದ ತಂತಿ, ಅರ್ಥಿಂಗ್, ಸೋರಿಕೆಯಾದರೆ ತಾನೇ ಕರೆಂಟ್ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್. ಮಳೆಗಾಲದಲ್ಲಿ ಒದ್ದೆ ಗೋಡೆ ಮುಟ್ಟಿದರೆ ಜುಮ್ಮೆನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

6. ನೀರು ಮತ್ತು ಕಕ್ಕಸು. ಕುಡಿಯುವ ನೀರಿನ ಬಾವಿಗೂ ಕಕ್ಕಸಿನ ಗುಂಡಿಗೂ ಇರುವ ದೂರ, ಕೊಳವೆಗಳ ಸೋರಿಕೆ.

7. ಒಲೆ, ಹೊಗೆ ಮತ್ತು ಅನಿಲ. ಹೊಗೆ ಹೋಗುವ ದಾರಿ, ಸಿಲಿಂಡರ್ ಇರುವ ಜಾಗ, ರಬ್ಬರ್ ಕೊಳವೆಯ ವಯಸ್ಸು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಪರೀಕ್ಷಕರು ಕಣ್ಣಿಗೆ ಕಾಣುವುದನ್ನು ನೋಡಿ ಹೇಳುತ್ತಾರೆಯೇ ಹೊರತು ಗೋಡೆ ಒಡೆದು ನೋಡುವುದಿಲ್ಲ. ಆಸ್ತಿಯ ಹಕ್ಕುಪತ್ರ ನೋಡುವುದು, ಬೆಲೆ ಕಟ್ಟುವುದು ಅವರ ಕೆಲಸವಲ್ಲ. ಮನೆ ಇನ್ನು ಬೀಳುವುದೇ ಇಲ್ಲ ಎಂಬ ಭರವಸೆಯನ್ನೂ ಕೊಡಲಾರರು. ಅವರು ಕೊಡುವುದು ಒಂದು ಬರವಣಿಗೆ. ಯಾವುದು ಕೂಡಲೇ ಆಗಬೇಕು, ಯಾವುದು ಈ ವರ್ಷ ಆಗಬೇಕು, ಯಾವುದನ್ನು ಗಮನಿಸುತ್ತಿದ್ದರೆ ಸಾಕು ಎಂದು ಬಿಡಿಸಿ ಹೇಳುವ ಪಟ್ಟಿ. ಆ ಪಟ್ಟಿಯೇ ನಮಗೆ ಬೇಕಾದದ್ದು.

ಮಲೆನಾಡಿನವರಾದ ನಮಗೆ ಪಟ್ಟಿಯ ಮೊದಲ ಕಲಮೇ ದೊಡ್ಡದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಪರಿಶೀಲನೆಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ವಿಪರೀತ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿದರು. ನಮ್ಮ ಲೈನ್ ಮನೆಗಳು ಎಲ್ಲಿವೆ? ಒಳ್ಳೆಯ ನೆಲವನ್ನು ಗಿಡಕ್ಕೆ ಬಿಟ್ಟು, ಮೂಲೆಯ ಗುಡ್ಡ ಕಡಿದು, ಧರೆಯ ಬುಡದಲ್ಲಿ ಕಟ್ಟಿದವೇ ಹೆಚ್ಚು.

ಕಾನೂನಿನ ಮಾತೂ ಇದೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಗೆ 1981ರಲ್ಲಿ ಒಂದು ಹೊಸ ಕಲಮು ಸೇರಿಸಿದರು. ಮಾಲೀಕ ಕೊಟ್ಟ ಮನೆ ಕುಸಿದು ಕೆಲಸಗಾರರಾಗಲಿ ಅವರ ಮನೆಯವರಾಗಲಿ ಸತ್ತರೆ ಅಥವಾ ಗಾಯಗೊಂಡರೆ ಪರಿಹಾರ ಕೊಡುವ ಹೊಣೆ ಮಾಲೀಕನದು. ವಾಸಿಸುವವರದೇ ತಪ್ಪಾಗಿದ್ದರೆ ಅಥವಾ ಪ್ರಕೃತಿ ವಿಕೋಪವಾಗಿದ್ದರೆ ಮಾತ್ರ ವಿನಾಯಿತಿ. ಇದೇ ಮಾತು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೆ. “ನಮ್ಮದು ಎರಡು ಎಕರೆ, ಆ ಕಾನೂನು ನಮಗಲ್ಲ” ಎನ್ನುವ ಸದಸ್ಯರು ಇರಬಹುದು. ಇರಲಿ. ಬೀಳುವ ಗೋಡೆ ಪಹಣಿ ನೋಡಿ ಬೀಳುವುದಿಲ್ಲ.

ಖರ್ಚಿನ ಮಾತು ಬರುವುದೂ ಸಹಜ. ಅಡಿಕೆಯ ಧಾರಣೆ ಏರಿಳಿಯುತ್ತದೆ, ಔಷಧ ಗೊಬ್ಬರದ ಬೆಲೆ ಇಳಿಯುವುದೇ ಇಲ್ಲ, ಇದರ ನಡುವೆ ಮನೆಗೆ ಪರೀಕ್ಷೆ ಬೇರೆಯೇ ಎಂದು ಕೇಳುವವರಿದ್ದಾರೆ. ಕೊಳೆ ರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುವ ನಮಗೆ ಈ ತತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇನ್ನು ಕೆಲವರು, ನಮ್ಮ ಮೇಸ್ತ್ರಿಯೇ ನೋಡುತ್ತಾನಲ್ಲ ಎನ್ನಬಹುದು. ಅನುಭವಸ್ಥ ಮೇಸ್ತ್ರಿಯ ಕಣ್ಣಿಗೆ ಬೆಲೆಯಿದೆ, ಮುಳಗುಂದದಲ್ಲಿ ಅದನ್ನು ನಾವೇ ಕಂಡೆವು. ಆದರೆ ನೋಡಿ ಹೇಳುವವನೂ ದುರಸ್ತಿಯ ಕೂಲಿ ಪಡೆಯುವವನೂ ಒಬ್ಬನೇ ಆದರೆ, ಅವನು ಎಷ್ಟೇ ಪ್ರಾಮಾಣಿಕನಿರಲಿ, ನಮ್ಮ ಮನಸ್ಸಿನಲ್ಲಿ ಸಂಶಯ ಉಳಿದು ಅವನ ಮಾತನ್ನು ಅರ್ಧ ಮಾತ್ರ ನಂಬುತ್ತೇವೆ. ಮಾಡು ಗೋಡೆ ಬಲ್ಲವನಿಗೆ ಕರೆಂಟ್ ತಿಳಿಯದೆಯೂ ಇರಬಹುದು.

ಮುಳಗುಂದದಿಂದ ಬಂದ ವಾರವೇ ನಾವು ನಮ್ಮ ಲೈನ್ ಮನೆಗಳನ್ನು ಪೇಟೆಯ ಒಬ್ಬ ಸಿವಿಲ್ ಎಂಜಿನಿಯರರಿಗೆ ತೋರಿಸಿದೆವು. ಅರ್ಧ ದಿನ ಸಾಕಾಯಿತು. ಮೂರು ಮನೆಗಳಲ್ಲಿ ಎರಡಕ್ಕೆ ಅರ್ಥಿಂಗೇ ಇರಲಿಲ್ಲ. ಒಂದರ ಹಿಂಭಾಗದ ಗೋಡೆಗೂ ಧರೆಗೂ ನಡುವೆ ಇದ್ದ ಚರಂಡಿ ಮಣ್ಣು ತುಂಬಿ ಕಾಣದಾಗಿತ್ತು. ಮಳೆ ನೀರೆಲ್ಲ ಗೋಡೆಯ ಬುಡಕ್ಕೇ ಇಳಿಯುತ್ತಿತ್ತು. ಒಂದು ತೊಲೆಯ ತುದಿಗೆ ಎಂಜಿನಿಯರರು ಸ್ಕ್ರೂ ಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಒಳಗೆ ಹೋಯಿತು. ಆ ತೊಲೆಯ ಕೆಳಗೇ ಮುಳಗುಂದದ ಹಿರಿಯರ ಮೊಮ್ಮಕ್ಕಳ ಹಾಸಿಗೆ ಹಾಸುತ್ತಿದ್ದದ್ದು. ಎರಡು ಮಳೆಗಾಲ ಅವರು ಅಲ್ಲಿ ಮಲಗಿದ್ದರು. ನಾವು ಪ್ರತಿ ವಾರ ಸಂಬಳ ಕೊಡಲು ಆ ಬಾಗಿಲವರೆಗೂ ಹೋಗಿದ್ದೆವು, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇವೆ, ಏಕೆಂದರೆ ಇದು ನಮ್ಮೊಬ್ಬರ ಲೈನಿನ ಸ್ಥಿತಿಯಲ್ಲವೆಂದು ನಮಗೆ ಗೊತ್ತಿದೆ.

ಆದ್ದರಿಂದ ಸಂಘದ ಮುಂದೆ ನಮ್ಮ ಸಲಹೆ ಹೀಗಿದೆ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಸಂಘವು ಒಬ್ಬ ಸಿವಿಲ್ ಎಂಜಿನಿಯರ್ ಹಾಗೂ ಒಬ್ಬ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನನ್ನು ಗೊತ್ತುಮಾಡಲಿ. ಅವರು ದುರಸ್ತಿ ಗುತ್ತಿಗೆ ಹಿಡಿಯುವವರಾಗಿರಬಾರದು. ಒಂದು ದಿನಕ್ಕೆ ಅಕ್ಕಪಕ್ಕದ ನಾಲ್ಕೈದು ತೋಟಗಳನ್ನು ಸೇರಿಸಿಕೊಂಡರೆ ಒಬ್ಬೊಬ್ಬ ಸದಸ್ಯರಿಗೆ ಬೀಳುವ ವೆಚ್ಚ ಹೊರಲಾರದ್ದೇನಲ್ಲ. ಮೇಲೆ ಹೇಳಿದ ಏಳು ಕಲಮುಗಳ ಕನ್ನಡ ನಮೂನೆಯೊಂದನ್ನು ಸಂಘ ಅಚ್ಚು ಹಾಕಿಸಲಿ. ಒಂದು ಪ್ರತಿ ಮಾಲೀಕರ ಕೈಗೆ, ಒಂದು ಪ್ರತಿ ಲೈನಿನಲ್ಲಿ ವಾಸಿಸುವವರ ಕೈಗೆ. ತಾವು ಮಲಗುವ ಮನೆ ಹೇಗಿದೆ ಎಂದು ತಿಳಿಯುವ ಹಕ್ಕು ಅವರಿಗೂ ಇದೆ. ಮೊದಲ ವರ್ಷ ಲೈನ್ ಮನೆಗಳಷ್ಟೇ ಆಗಲಿ, ನಮ್ಮ ಸ್ವಂತ ಮನೆಗಳ ಸರದಿ ಆಮೇಲೆ ಬರಲಿ. ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ನಾವು ಎತ್ತುವವರಿದ್ದೇವೆ. ಸದಸ್ಯರು ಒಪ್ಪಲಿ, ಬಿಡಲಿ, ಬರುವ ಮೊದಲು ದಯವಿಟ್ಟು ಒಮ್ಮೆ ತಮ್ಮ ಲೈನ್ ಮನೆಯೊಳಗೆ ಹೋಗಿ, ಬ್ಯಾಟರಿ ಬಿಟ್ಟು, ಮೇಲಿನ ತೊಲೆಗಳನ್ನು ನೋಡಿ ಬರಬೇಕೆಂದು ಕೋರುತ್ತೇವೆ.

ಚುಚ್ಚಿ ನೋಡಿದ ಆ ತೊಲೆಯನ್ನು ಮೇ ತಿಂಗಳಲ್ಲಿ ಬದಲಾಯಿಸಿದೆವು, ಚರಂಡಿ ತೋಡಿಸಿದೆವು, ಅರ್ಥಿಂಗ್ ಹಾಕಿಸಿದೆವು. ಜೂನ್ ಮೊದಲ ವಾರ ಆ ಕುಟುಂಬ ಮುಳಗುಂದದಿಂದ ಬಂದಾಗ ಹೊಸ ತೊಲೆಯನ್ನು ತೋರಿಸಿದೆವು. ಮಗ ಏನೂ ಹೇಳಲಿಲ್ಲ. ಗೋಡೆಯ ಬಿರುಕಿಗೆ ನಾವು ಅಂಟಿಸಿದ್ದ ಚೀಟಿಯ ದಿನಾಂಕ ಓದಿ, ಊರಿಗೆ ಫೋನು ಹಚ್ಚಿ ತಂದೆಗೆ ತಿಳಿಸಿದ.