ಗೊಂಬೆಗಳನ್ನು ಮಲಗಿಸಿದ ಮೇಲೆ

ನವರಾತ್ರಿಗೆ ಗೊಂಬೆಗಳನ್ನು ಕೂರಿಸುವುದು ಹೇಗೆಂದು ಹೇಳುವವರು ನಮ್ಮಲ್ಲಿ ಬಹಳ ಮಂದಿ. ಮೆಟ್ಟಿಲು ಏಳಿರಬೇಕೋ ಒಂಬತ್ತಿರಬೇಕೋ, ಕಲಶ ಪಟ್ಟದ ಗೊಂಬೆಗಳ ನಡುವೆ ಇರಬೇಕೋ ಮುಂದಿರಬೇಕೋ, ಶೆಟ್ಟಿಯ ಅಂಗಡಿ ಎಡಕ್ಕೋ ಬಲಕ್ಕೋ ಎಂಬ ವಿಚಾರಗಳಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಪಂಡಿತರಿರುತ್ತಾರೆ. ಆದರೆ ವಿಜಯದಶಮಿಯ ರಾತ್ರಿ ಆರತಿ ಎತ್ತಿ, ರಾಜರಾಣಿಯರನ್ನು ಮೆಲ್ಲಗೆ ಒರಗಿಸಿ ಮಲಗಿಸಿದ ಮೇಲೆ ಮಾಡಬೇಕಾದುದೇನೆಂದು ಹೇಳುವವರು ಕಡಮೆ. ಮಕ್ಕಳು ಗೊಂಬೆ ಬಾಗಿನ ತಿಂದು ಹೋದರು, ಹಬ್ಬ ಮುಗಿಯಿತು, ಉಳಿದದ್ದು ಬರಿಯ ಎತ್ತಿಡುವ ಕೆಲಸ ಎಂದು ನಾವು ತಿಳಿಯುತ್ತೇವೆ. ಹತ್ತು ದಿನಗಳ ಒಡ್ಡೋಲಗದ ಹಿಂದೆ ಸುಮಾರು ಮುನ್ನೂರೈವತ್ತು ದಿನಗಳ ಅಜ್ಞಾತವಾಸವುಂಟು. ಗೊಂಬೆ ಉಳಿಯುವುದೂ ಅಳಿಯುವುದೂ ಆ ಅಜ್ಞಾತವಾಸದಲ್ಲಿಯೇ. ಇದನ್ನು ನಾನು ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆಂದು ವಾಚಕರು ತಿಳಿಯಬೇಕು.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ನಲವತ್ತಕ್ಕೆ ಮೇಲ್ಪಟ್ಟು ಗೊಂಬೆಗಳಿವೆ. ತಾಯಿಯವರ ಮದುವೆಯಲ್ಲಿ ತವರಿನವರು ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆಗಳು, ಅಜ್ಜಿಯ ಕಾಲದ ಮಣ್ಣಿನ ದಶಾವತಾರ, ದಿನಸಿ ಅಂಗಡಿಯ ಮುಂದೆ ಕುಳಿತ ಶೆಟ್ಟಿ-ಶೆಟ್ಟಮ್ಮ, ಅರಗಿನ ಬಣ್ಣದ ಚನ್ನಪಟ್ಟಣದ ಆಟಿಕೆಗಳು, ತಂದೆಯವರು ಎಂದೋ ವಿಜಯವಾಡಕ್ಕೆ ಹೋಗಿದ್ದಾಗ ತಂದ ಕೊಂಡಪಲ್ಲಿಯ ಅಂಬಾರಿ ಆನೆ. ಇಷ್ಟನ್ನೂ ತಾಯಿಯವರು ಒಂದು ದೊಡ್ಡ ಮರದ ಪೆಟ್ಟಿಗೆಯಲ್ಲಿ, ಒಂದೊಂದನ್ನೂ ಹಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿ ಇಡುತ್ತಿದ್ದರು.

2018ರ ವಿಜಯದಶಮಿಯ ಮಾರನೆಯ ದಿನ ಅವರಿಗೆ ಜ್ವರ. ಹೊರಗೆ ಜಡಿಮಳೆ. “ಈ ಸಲ ನಾವೇ ಎತ್ತಿಡುತ್ತೇವೆ, ನೀನು ಮಲಗಮ್ಮ” ಎಂದೆ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಬಟ್ಟೆಗಳ ರಾಶಿಯನ್ನು ನೋಡಿ ನನಗೆ ನಗು ಬಂದಿತು. ಹರಿದ ಪಂಚೆ, ಮಾಸಿದ ಸೆರಗು, ಯಾರದೋ ಹಳೆಯ ರವಿಕೆ! ಅವನ್ನೆಲ್ಲ ನೆಲ ಒರೆಸಲು ಹಾಕಿ, ಪೇಟೆಯಿಂದ ಒಂದೇ ಅಳತೆಯ ಪ್ಲಾಸ್ಟಿಕ್ ಚೀಲಗಳನ್ನು ತಂದು, ಒಂದೊಂದು ಗೊಂಬೆಯನ್ನೂ ಗಾಳಿಯಾಡದಂತೆ ಅಂಟುಪಟ್ಟಿ ಹಾಕಿ ಮುಚ್ಚಿದೆ. ಪಟ್ಟದ ಗೊಂಬೆಗಳನ್ನು ಮಾತ್ರ ತಾಯಿಯವರು ನನ್ನ ಕೈಗೆ ಕೊಡಲಿಲ್ಲ. ಮಲಗಿದ್ದಲ್ಲಿಂದಲೇ ಎದ್ದು ಕುಳಿತು ತಮ್ಮ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟರು. ಉಳಿದುದನ್ನು ನೋಡಿ, “ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿಯಪ್ಪ” ಎಂದರು. ಅದನ್ನು ನಾನು ಒಪ್ಪಿಗೆಯೆಂದೇ ಭಾವಿಸಿದೆ.

ಮರುವರ್ಷ ತಂದೆಯವರು ತೀರಿಕೊಂಡರು. ಆ ಸಲ ಹಬ್ಬವಿಲ್ಲ. 2020ರಲ್ಲಿ ಕೊರೋನಾ. ಬರುವವರೇ ಇಲ್ಲದ ಮೇಲೆ ಯಾರಿಗಾಗಿ ಕೂರಿಸುವುದೆಂದು ಸುಮ್ಮನಾದೆವು. 2021ರಲ್ಲಿ ಮಗಳ ಹಟಕ್ಕೆ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಮೊದಲ ಚೀಲ ಬಿಚ್ಚಿದೆ: ಮತ್ಸ್ಯಾವತಾರದ ಮೈಮೇಲೆ ಬಿಳಿಯ ಬೂಷ್ಟು. ಎರಡನೆಯದು: ಶೆಟ್ಟಮ್ಮನ ಮುಖದ ಬಣ್ಣ ಚೀಲದ ಒಳಮೈಗೆ ಅಂಟಿಕೊಂಡು ಬಂದಿತು. ಹತ್ತು ಅವತಾರಗಳಲ್ಲಿ ಆರು ಗುರುತು ಸಿಕ್ಕದಂತಾಗಿದ್ದವು. ರೇಷ್ಮೆಯ ತುಂಡಿನೊಳಗಿದ್ದ ರಾಜರಾಣಿಯರು ಮಾತ್ರ ಅದೇ ಹೊಳಪಿನಿಂದ ನಮ್ಮನ್ನು ನೋಡುತ್ತಿದ್ದರು.

ಆದರೆ ದೊಡ್ಡ ನಷ್ಟ ತಿಳಿದದ್ದು ಅರ್ಧ ಗಂಟೆಯ ಮೇಲೆ. ಯಾವ ಗೊಂಬೆ ಯಾವ ಮೆಟ್ಟಿಲಿನದೆಂದು ನನಗಾಗಲಿ ನನ್ನ ಹೆಂಡತಿಗಾಗಲಿ ಸರಿಯಾಗಿ ತಿಳಿಯದು. ತಾಯಿಯವರಿಗೆ ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿತ್ತು. ಕೈಯಲ್ಲಿ ಹಿಡಿದು ತಡವಿ ನೋಡಿ, “ಬಟ್ಟೆ ಎಲ್ಲಿ?” ಎಂದು ಕೇಳಿದರು. “ಯಾವ ಬಟ್ಟೆಯಮ್ಮ?” ಎಂದೆ. “ಪಂಚೆಯಲ್ಲಿ ಸುತ್ತಿದ್ದು ಎರಡನೆಯ ಮೆಟ್ಟಿಲು, ನಿಮ್ಮಜ್ಜಿಯ ಹಸಿರು ಸೀರೆಯದು ಮೂರನೆಯದು, ರವಿಕೆಯಲ್ಲಿದ್ದದ್ದೆಲ್ಲ ನಮ್ಮ ಅಕ್ಕ ಕೊಟ್ಟದ್ದು” ಎಂದರು. ನಾನು ಹಳೆಯ ಚಿಂದಿ ಎಂದು ನಕ್ಕದ್ದು ಆ ಮನೆಯ ಗ್ರಂಥಸೂಚಿಯಾಗಿತ್ತು!

ಎಂ.ಎ. ತರಗತಿಯಲ್ಲಿ ನಾನು ಓದಿದ ವಿಷಯಗಳಲ್ಲಿ ಗ್ರಂಥಸಂಪಾದನೆಯೂ ಒಂದು. ಓಲೆಗರಿಗಳನ್ನು ಮರದ ಹಲಗೆಗಳ ನಡುವೆ ಇಟ್ಟು, ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಇಡುತ್ತಿದ್ದರೆಂದೂ, ಕಾಲಕಾಲಕ್ಕೆ ಬಿಚ್ಚಿ ಎಣ್ಣೆ ಸವರಿ ಗಾಳಿಗೆ ಹಿಡಿಯುತ್ತಿದ್ದರೆಂದೂ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಅದೇ ಪಾಠವನ್ನು ನನ್ನ ಮನೆಯ ಅಟ್ಟದ ಮೇಲೆ ಗುರುತಿಸದೆ ಹೋದೆ.

ಆ ಸಲ ದೀಪಾವಳಿಗೆ ಶಿಡ್ಲಘಟ್ಟದಿಂದ ನನ್ನ ಸೋದರತ್ತೆ ಬಂದಿದ್ದರು. ಅವರ ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆಹುಳು ಸಾಕುತ್ತಾರೆ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಶಿಡ್ಲಘಟ್ಟದ್ದೂ ಒಂದೆಂಬುದು ವಾಚಕರಿಗೆ ತಿಳಿದ ವಿಷಯವೇ. ನನ್ನ ಕಥೆಯನ್ನು ಕೇಳಿ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಕಟ್ಟಿಟ್ಟಾಗ ಮಳೆ ಇತ್ತೇನೋ?” ಇತ್ತೆಂದೆ. “ಮತ್ತೆ? ಬೆಳೆ ಎದ್ದ ದಿನವೇ ನಾವು ಚಂದ್ರಿಕೆ ಎತ್ತಿಡುತ್ತೇವೇನೋ? ತೊಳೆದು, ಬಿಸಿಲು ಕಾಯಿಸಿ, ಬೆರಳಿಗೆ ತೇವ ಹತ್ತದ ಮೇಲೆ ತಾನೆ ಒಳಗಿಡುವುದು? ಹಸಿಯಿದ್ದದ್ದನ್ನು ಬಾಯಿ ಕಟ್ಟಿ ಕೂಡಿಹಾಕಿದರೆ ಬೂಷ್ಟು ಬರದೆ ಇನ್ನೇನು ಬಂದೀತು?” ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಒಂದು ಬೆಳೆಗೂ ಮುಂದಿನ ಬೆಳೆಗೂ ನಡುವೆ ಶುದ್ಧಿಮಾಡಿ ಒಣಗಿಸದಿದ್ದರೆ ರೋಗ ಬಂದು ಬೆಳೆಯೇ ಹೋಗುತ್ತದೆ. ಅತ್ತೆಯ ಪಾಲಿಗೆ ಎತ್ತಿಡುವುದೆಂದರೆ ಮುಂದಿನ ಬೆಳೆಯ ಮೊದಲ ಕೆಲಸ.

ಅವರ ಮಾತಿನಲ್ಲಿ ನಮ್ಮ ಸೀಮೆಗೆ ಒಪ್ಪುವ ಒಂದು ನಿಜವಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ನಾಲ್ಕೂ ಬಯಲುಸೀಮೆಯ ಊರುಗಳು. ವರ್ಷದ ಬಹುಭಾಗ ಇಲ್ಲಿ ಮಳೆಗೆ ಬಾಯಿಬಿಡುವುದೇ ಆಯಿತು. ಆದರೆ ಬರುವ ಮಳೆ ಹೆಚ್ಚಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಎಂದರೆ ಸರಿಯಾಗಿ ನವರಾತ್ರಿಯ ಹಿಂದುಮುಂದೆ. ಒಣನಾಡೆಂದು ನಂಬಿ ನಾವು ಮೈಮರೆತಿರುವಾಗ ಗೊಂಬೆಗಳು ವರ್ಷದ ಅತ್ಯಂತ ತೇವದ ಗಾಳಿಯನ್ನು ಹತ್ತು ದಿನ ಕುಡಿದಿರುತ್ತವೆ. ಬಟ್ಟೆಯಲ್ಲಿ ಸುತ್ತಿದರೆ ಆ ತೇವ ನಿಧಾನವಾಗಿ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಹಗಲಿನ ಬಿಸಿಗೆ ಹೊರಟ ತೇವ ರಾತ್ರಿಯ ತಂಪಿಗೆ ಹನಿಯಾಗಿ ಮತ್ತೆ ಗೊಂಬೆಯ ಮೇಲೆಯೇ ಕೂರುತ್ತದೆ.

ಗೌರಿಬಿದನೂರು ನನ್ನ ಹೆಂಡತಿಯ ತವರು. ಹಿಂದೂಪುರ ಅಲ್ಲಿಗೆ ಕೂಗಳತೆ. ಅವರ ಬಂಧುಗಳಲ್ಲಿ ತೆಲುಗು ಮನೆಮಾತಿನವರು ಅನೇಕರು. ಆಂಧ್ರದ ಕೆಲವು ಕಡೆ ‘ಬೊಮ್ಮಲ ಕೊಲುವು’ ಇಡುವುದು ಸಂಕ್ರಾಂತಿಗೆ. “ನಮ್ಮವರ ಗೊಂಬೆ ಕೆಡುವುದು ಕಡಮೆ” ಎಂದು ಹೆಂಡತಿ ಒಮ್ಮೆ ಹೆಮ್ಮೆಯಿಂದ ಹೇಳಿದಾಗ ನಾನು ಅದನ್ನು ತವರಿನ ಅಭಿಮಾನವೆಂದು ಬಿಟ್ಟುಬಿಟ್ಟಿದ್ದೆ. ಈಗ ಯೋಚಿಸಿದರೆ, ಜನವರಿಯ ಒಣಹವೆಯಲ್ಲಿ ಪೆಟ್ಟಿಗೆ ಸೇರುವ ಗೊಂಬೆಗೆ ಬೂಷ್ಟಿನ ಭಯ ಕಡಮೆಯೆಂಬುದು ಒಪ್ಪತಕ್ಕ ಮಾತೇ. ನಾವು ಹಬ್ಬವನ್ನು ಮುಂದೂಡಬೇಕಾಗಿಲ್ಲ. ಎತ್ತಿಡುವುದನ್ನು ಮುಂದೂಡಿದರೆ ಸಾಕು. ವಿಜಯದಶಮಿಯಂದು ಶಾಸ್ತ್ರಕ್ಕೆ ಮಲಗಿಸಿ, ಮಾರನೆಯ ದಿನ ಧೂಳು ಒರೆಸಿ, ಒಳಮನೆಯ ನೆರಳಿನಲ್ಲಿ ಗಾಳಿಯಾಡುವಂತೆ ಎಂಟು ಹತ್ತು ದಿನ ಹರಡಿ, ಮಳೆ ಬಿಟ್ಟ ಒಂದು ಒಣದಿನ ನೋಡಿ ಕಟ್ಟುವುದು. ನಮ್ಮ ಮನೆಯಲ್ಲಿ ಈಗ ಅದು ದೀಪಾವಳಿಯ ಹಿಂದಿನ ವಾರದ ಕೆಲಸ. ಬಣ್ಣದ ಗೊಂಬೆಗಳನ್ನು ಬಿಸಿಲಿಗೆ ಮಾತ್ರ ಇಡಬಾರದು. ಬಣ್ಣ ಮಾಸುತ್ತದೆ, ಮರ ಬಿರುಕು ಬಿಡುತ್ತದೆ.

ಚಿಂತಾಮಣಿಯಲ್ಲಿರುವ ನನ್ನ ಅಕ್ಕನದು ಬೇರೆಯ ಅನುಭವ. ಮಾವಿನಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆ ಗಟ್ಟಿಯಾಗಿದೆಯೆಂದು ಅದರಲ್ಲೇ ಗೊಂಬೆಗಳನ್ನು ತುಂಬಿಟ್ಟಳು. ರಟ್ಟಿಗೆ ಹಿಡಿದಿದ್ದ ಹಣ್ಣಿನ ರಸದ ವಾಸನೆಗೆ ಇರುವೆ ಬಂದವು, ಜಿರಲೆ ಬಂದವು. ಅವುಗಳ ಕಾಟಕ್ಕೆ ಒಂದು ಹಿಡಿ ನುಸಿಗುಳಿಗೆ ಸುರಿದಳು. ಮರುವರ್ಷ ಪೆಟ್ಟಿಗೆ ತೆರೆದಾಗ ಅವಳ ಮೂರು ವರ್ಷದ ಮೊಮ್ಮಗ ಒಂದು ಗುಳಿಗೆಯನ್ನು ಪೆಪ್ಪರಮೆಂಟೆಂದು ತಿಳಿದು ಬಾಯಿಯ ತನಕ ಒಯ್ದಿದ್ದ. ಯಾರೋ ನೋಡಿ ಕಿತ್ತುಕೊಂಡರು. ಇದನ್ನು ಲಘುವಾಗಿ ಹೇಳುವಂತಿಲ್ಲ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಹೊಟ್ಟೆಗೆ ಹೋದರೆ ರಕ್ತದ ಕೆಂಪುಕಣಗಳನ್ನು ಒಡೆಯಬಲ್ಲದು. ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯುಳ್ಳ ಮಕ್ಕಳಿಗೆ ಅದು ಇನ್ನೂ ಅಪಾಯ. ಅದರ ವಾಸನೆ ಹಿಡಿದ ಬಟ್ಟೆಯನ್ನು ಹೊದೆಸುವುದರಿಂದಲೂ ಅಂಥ ಹಸುಗೂಸುಗಳಿಗೆ ತೊಂದರೆಯಾದದ್ದುಂಟು. ಗೊಂಬೆ ಹಬ್ಬ ಮಕ್ಕಳ ಹಬ್ಬ. ಮಕ್ಕಳು ಕೈಹಾಕುವ ಪೆಟ್ಟಿಗೆಯಲ್ಲಿ ವಿಷವಿರಬಾರದು. ಕರ್ಪೂರವೂ ಈ ಮಾತಿಗೆ ಹೊರತಲ್ಲ. ಅದನ್ನು ತಿಂದರೂ ಮಗುವಿಗೆ ಕೇಡೇ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಬಜೆಯ ಬೇರು ಇವನ್ನು ಬಟ್ಟೆಯ ಪುಟ್ಟ ಗಂಟು ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಪೆಟ್ಟಿಗೆಯ ಮೂಲೆಗಳಲ್ಲಿ ಇಡುವುದು ನಮ್ಮ ಹಿರಿಯರ ಕ್ರಮ. ಇವುಗಳ ಶಕ್ತಿ ವರ್ಷದೊಳಗೆ ಇಳಿಯುತ್ತದೆ, ಹೊಸದು ಹಾಕುತ್ತಿರಬೇಕು.

ಇನ್ನು ಗೊಂಬೆಯ ಜಾತಿಯನ್ನು ನೋಡಿ ಉಪಚಾರ. ಮಣ್ಣಿನ ಗೊಂಬೆಗಳಿಗೆ ಒದ್ದೆ ಬಟ್ಟೆ ಸೋಕಿಸಬಾರದು. ನೀರುಬಣ್ಣ ಎದ್ದುಬರುತ್ತದೆ. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಅವು ಪೆಟ್ಟಿಗೆಯಲ್ಲಿ ನಿಂತೇ ಇರಲಿ, ಒಂದರ ಮೇಲೊಂದು ಬೇಡ. ಕೈ, ಕಿರೀಟ, ಕೊಳಲುಗಳ ಸುತ್ತ ಮೊದಲು ಹತ್ತಿ ಇಟ್ಟು ಆಮೇಲೆ ಬಟ್ಟೆ ಸುತ್ತಬೇಕು. ಚನ್ನಪಟ್ಟಣದ ಆಟಿಕೆಗಳ ಬಣ್ಣ ಅರಗಿನದು. ಒಣಬಟ್ಟೆಯಿಂದ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಬಿಸಿಗೆ ಅರಗು ಮೆದುವಾಗುವುದರಿಂದ ತಗಡಿನ ಮಾಡಿನ ಕೆಳಗೆ ಬೇಸಗೆ ಕಳೆಯುವಂತೆ ಇಡಬಾರದು. ಕೊಂಡಪಲ್ಲಿಯವು ‘ತೆಲ್ಲ ಪೊಣಿಕಿ’ ಎಂಬ ಬಹು ಹಗುರವಾದ ಮರದಿಂದ ಆಗಿ, ಹುಣಿಸೆಬೀಜದ ಅಂಟಿನಿಂದ ಜೋಡಿಸಲ್ಪಟ್ಟವು. ಅಂಟು ಹುಳುಗಳಿಗೂ ರುಚಿಯೇ. ಇವನ್ನು ಗೋಡೆಗೂ ನೆಲಕ್ಕೂ ತಗುಲದಂತೆ ಇಡಬೇಕು. ರಕ್ತಚಂದನ ತಾನಾಗಿಯೇ ಗಟ್ಟಿಮರ, ಅದಕ್ಕೆ ಮೆತ್ತನೆಯ ಬಟ್ಟೆಯೇ ಸಾಕು. ಸುತ್ತಲು ವೃತ್ತಪತ್ರಿಕೆಯನ್ನು ಬಳಸುವುದು ಸುಲಭವೆಂದು ತೋರುತ್ತದೆ. ಆದರೆ ಅದರ ಮಸಿ ಬಿಳಿಯ ಬಣ್ಣಕ್ಕೆ ಅಂಟುತ್ತದೆ. ಪತ್ರಿಕೆಯಲ್ಲಿ ಬರೆಯುವವನೇ ಇದನ್ನು ಹೇಳಬೇಕಾಗಿ ಬಂದಿದೆ, ಏನು ಮಾಡಲಿ!

ಇವೆಲ್ಲಕ್ಕಿಂತ ಮುಖ್ಯವಾದ ರಕ್ಷೆ ಒಂದುಂಟು, ಅದು ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಯುವುದು. ನಮ್ಮ ಗೊಂಬೆಗಳು ಮೂರು ವರ್ಷ ಕಣ್ಣಿಗೆ ಬೀಳದೆ ಇದ್ದುದರಿಂದಲೇ ಅಷ್ಟು ಕೆಟ್ಟವು. ಮೊದಲ ವರ್ಷವೇ ಬಿಚ್ಚಿ ನೋಡಿದ್ದರೆ ಬಹುಶಃ ಒಂದೆರಡು ಹೋಗುತ್ತಿದ್ದವು, ಉಳಿದವು ಉಳಿಯುತ್ತಿದ್ದವು. ಸರಸ್ವತಿ ಪೂಜೆಗೆ ಪುಸ್ತಕಗಳ ಧೂಳು ಕೊಡವುತ್ತೇವೆ. ಆಯುಧಪೂಜೆಗೆ ಮಚ್ಚಿನ ತುಕ್ಕು ಒರೆಸುತ್ತೇವೆ. ಗೊಂಬೆ ಕೂರಿಸುವುದೂ ಇದೇ ಜಾತಿಯ ಏರ್ಪಾಡೆಂದು ನನಗೆ ತೋರುತ್ತದೆ. ಆದುದರಿಂದ ಸಾವಿನ ಮನೆಯಲ್ಲಿ, ಕಾಯಿಲೆಯ ಮನೆಯಲ್ಲಿ, ಹಬ್ಬ ಮಾಡಲಾಗದ ವರ್ಷದಲ್ಲಿಯೂ ಪೆಟ್ಟಿಗೆಯನ್ನು ಒಮ್ಮೆ ತೆರೆದು ಗಾಳಿ ಕಾಣಿಸಿ ಮತ್ತೆ ಮುಚ್ಚಿರಿ. ಕೂರಿಸದಿದ್ದರೆ ಕೊರತೆಯಿಲ್ಲ. ನೋಡದಿದ್ದರೆ ಕೊರತೆಯುಂಟು.

2021ರ ಚಳಿಗಾಲದಲ್ಲಿ ನಾನು ಒಂದು ನೋಟುಪುಸ್ತಕ ಹಿಡಿದು ತಾಯಿಯವರ ಹತ್ತಿರ ಕುಳಿತೆ. ಅವರು ಹೇಳಿದರು, ನಾನು ಬರೆದುಕೊಂಡೆ. ಗೊಂಬೆಯ ಹೆಸರು, ಯಾರು ಕೊಟ್ಟದ್ದು, ಯಾವಾಗ, ಯಾವ ಮೆಟ್ಟಿಲು, ಯಾವ ಕಡೆ ಮುಖ. ಒಂದೊಂದು ಗೊಂಬೆಗೂ ಒಂದು ಸಂಖ್ಯೆ, ಅದೇ ಸಂಖ್ಯೆ ಬಟ್ಟೆಯ ಮೇಲೆ ದಾರದಲ್ಲಿ. ಕೂರಿಸಿದ ಮೇಲೆ ಮೆಟ್ಟಿಲುಗಳ ಒಂದು ಫೋಟೋ ತೆಗೆದು ಅದರ ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಈ ಕೆಲಸ ನಾಲ್ಕು ಸಂಜೆ ಹಿಡಿಯಿತು. ಮೂವತ್ತೈದು ವರ್ಷ ಅವರ ಜೊತೆಯಲ್ಲಿದ್ದು ಕೇಳದಿದ್ದ ಎಷ್ಟೋ ಸಂಗತಿಗಳನ್ನು ಆ ನಾಲ್ಕು ಸಂಜೆಗಳಲ್ಲಿ ಕೇಳಿದೆ. ಶೆಟ್ಟಮ್ಮನನ್ನು ಕೊಟ್ಟವರು ಮದುವೆಯಾದ ಮೂರನೆಯ ವರ್ಷಕ್ಕೆ ತೀರಿಕೊಂಡ ಅವರ ಅಕ್ಕನೆಂಬುದೂ ನನಗೆ ತಿಳಿದದ್ದು ಆಗಲೇ. ಬಣ್ಣ ಕಳೆದುಕೊಂಡ ಆ ಮುಖವನ್ನು ಹೊಸದಾಗಿ ಬರೆಸೋಣವೆಂದೆ. “ಬೇಡ, ಇರಲಿ. ನನಗೆ ಕೈಗೇ ಗೊತ್ತಾಗುತ್ತದೆ” ಎಂದರು.

ಬೂಷ್ಟು ಹಿಡಿದ ಅವತಾರಗಳಲ್ಲಿ ನಾಲ್ಕನ್ನು ಒಣಗಿಸಿ, ಕುಂಚದಿಂದ ಶುದ್ಧಮಾಡಿ ಉಳಿಸಿಕೊಂಡೆವು. ಎರಡನ್ನು ಉಳಿಸಲಾಗಲಿಲ್ಲ. ಆ ಜಾಗಕ್ಕೆ ಹೊಸವನ್ನು ತರದೆ ಖಾಲಿಯಾಗಿಯೇ ಬಿಟ್ಟಿದ್ದೇವೆ. ಬರುವ ಮಕ್ಕಳು ಪ್ರತಿ ವರ್ಷವೂ ಎಣಿಸಿ, “ಎಂಟೇ ಇವೆಯಲ್ಲ!” ಎನ್ನುತ್ತಾರೆ. ಉತ್ತರ ಹೇಳುವ ಕೆಲಸ ನನ್ನದು.

ಸುತ್ತುವ ಬಟ್ಟೆಗಳು ಮಾತ್ರ ಮತ್ತೆ ಕೂಡುತ್ತಿವೆ. ಕಳೆದ ಸಲ ಕಟ್ಟುವ ದಿನ ತಂದೆಯವರ ಪಂಚೆಯೊಂದನ್ನು ತಾಯಿಯವರು ತಾವೇ ಹುಡುಕಿ ತೆಗೆದು, ಅಂಚನ್ನು ಬೆರಳಿನಿಂದ ಅಳೆದು ನನ್ನ ಮಗಳ ಕೈಗೆ ಕೊಟ್ಟರು. “ಇದು ಎರಡನೆಯ ಮೆಟ್ಟಿಲಿಗೆ, ಮರೆಯಬೇಡ ಪುಟ್ಟಿ” ಎಂದರು. ಅವಳು ಮರೆಯುವುದಿಲ್ಲವೆಂದೇ ನನ್ನ ನಂಬಿಕೆ. ಆದರೂ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿಯೂ ಹೇಳುವವರು ಇನ್ನೂ ಇದ್ದರೆ, ಈ ಸಲ ಪೆಟ್ಟಿಗೆ ಮುಚ್ಚುವ ಮೊದಲು ಒಂದು ಸಂಜೆ ಅವರ ಹತ್ತಿರ ಕುಳಿತುಕೊಳ್ಳಿ.