ಮತ ಕೇಳಾಕ ಕನ್ನಡ, ಮಾತು ಕೇಳಾಕ ಯಾರು?

ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲೂಕಿನ ಹಳ್ಳಿಗಳಲ್ಲಿ ಚುನಾವಣೆ ಬಂತೆಂದರೆ ಕನ್ನಡಕ್ಕೆ ಎಲ್ಲಿಲ್ಲದ ಬೆಲೆ. ಜೀಪಿಗೆ ಕಟ್ಟಿದ ಭೋಂಗಾದಲ್ಲಿ ಕನ್ನಡ, ಗುಡಿ ಕಟ್ಟೆಯ ಭಾಷಣದಲ್ಲಿ ಕನ್ನಡ, 'ಯಕ್ಕಾ, ನಮ್ಮ ಕಡೆ ಲಕ್ಷ್ಯ ಇರ್ಲಿ' ಎಂದು ಕೈಮುಗಿಯುವುದೂ ಕನ್ನಡದಲ್ಲೇ. ಎಣಿಕೆ ಮುಗಿದು ಮೈಮೇಲಿನ ಗುಲಾಲು ತೊಳೆಯುವುದರೊಳಗೆ ಎಲ್ಲವೂ ಬದಲು. ನೋಟೀಸು ಮರಾಠಿ, ಠರಾವು ಮರಾಠಿ, ಅರ್ಜಿ ನಮೂನೆಯೂ ಮರಾಠಿ. ಅದು ಮಹಾರಾಷ್ಟ್ರದ ಆಡಳಿತ ಭಾಷೆ, ಅದಕ್ಕೆ ಯಾರ ತಕರಾರೂ ಇಲ್ಲ. ಗಡಿಯ ಮಂದಿಗೆ ಎರಡೂ ಬರ್ತಾವು. ತಕರಾರು ಇರುವುದು ಬೇರೆ ಕಡೆ. ಮತ ಕೊಟ್ಟವನ ಗೋಳನ್ನು ಸಭೆಯೊಳಗೆ ಎತ್ತಿ ಹೇಳುವವರು ಯಾರು?

ಈ ಪ್ರಶ್ನೆಗೆ ಉತ್ತರವೇ ಇಲ್ಲದಂಥ ವರ್ಷಗಳನ್ನು ಈ ಭಾಗ ಕಂಡಿದೆ. 2017ರಲ್ಲಿ ಆಯ್ಕೆಯಾದ ಸೋಲಾಪುರ ಮತ್ತು ಸಾಂಗಲಿ ಜಿಲ್ಲಾ ಪರಿಷತ್ತುಗಳ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಹೊಸ ಚುನಾವಣೆ ಆಗಲಿಲ್ಲ. ಜಿಲ್ಲಾ ಪರಿಷತ್ತಿನ ಕಾರ್ಯನಿರ್ವಾಹಕ ಅಧಿಕಾರಿಯೇ ಆಡಳಿತಾಧಿಕಾರಿಯಾದರು. ತಾಲೂಕಿನ ಪಂಚಾಯತ ಸಮಿತಿ ಬಿಡಿಓ ಕೈಗೆ ಹೋಯಿತು. ಮೂರು ವರ್ಷ ಕಳೆದರೂ ಅದೇ ಗತಿ. ಊರಿನ ಗ್ರಾಮ ಪಂಚಾಯತಿ ಕೆಳಗೆ, ಮುಂಬಯಿಯ ಆಮದಾರರು ಮೇಲೆ. ನಡುವಿನ ಎರಡು ಮೆಟ್ಟಿಲು ಖಾಲಿ.

ಆ ನಡುವಿನ ಮೆಟ್ಟಿಲಲ್ಲಿ ಇರುವುದೇನು? ಗಡಿಯ ಕನ್ನಡಿಗನ ದಿನನಿತ್ಯದ ಬದುಕೇ ಅಲ್ಲಿದೆ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನವು. ಪ್ರಾಥಮಿಕ ಆರೋಗ್ಯ ಕೇಂದ್ರ ಅದರದು, ಹಳ್ಳಿ ರಸ್ತೆ ಅದರದು. ತಾಯಿನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಕನ್ನಡ ಬಲ್ಲ ಮಾಸ್ತರರ ಜಾಗ ಖಾಲಿ ಬಿದ್ದರೆ ಕೇಳಬೇಕಾದದ್ದು ಜಿಲ್ಲಾ ಪರಿಷತ್ತಿನ ಸಭೆಯಲ್ಲಿ. 'ಸಾಲ್ಯಾಗ ಮಾಸ್ತರ ಇಲ್ರಿ' ಎಂದು ಸರಪಂಚನ ಹತ್ತಿರ ಹೋದರೆ 'ಅದು ಝೆಡ್ಪಿ ಕೆಲಸ' ಎನ್ನುತ್ತಾನೆ. 'ಝೆಡ್ಪಿ ಮೆಂಬರ ಯಾರ್ರಿ?' ಎಂದರೆ 'ಸದ್ಯಕ್ಕ ಯಾರೂ ಇಲ್ಲ'. ಆ ವರ್ಷಗಳ ಪ್ರಾತಿನಿಧ್ಯದ ಕಥೆ ಈ ಮೂರು ಮಾತಿನಲ್ಲಿದೆ.

ಅಧಿಕಾರಿಗಳು ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ಕೆಲವರು ಚೊಲೋನೇ ಮಾಡಿರಬಹುದು. ಆದರೆ ಖರ್ಚು ಮಾಡುವವನೂ ಅವನೇ, ಖರ್ಚಿಗೆ ಮಂಜೂರಿ ಕೊಡುವವನೂ ಅವನೇ ಆದರೆ ಕಿರಾಣಿ ಅಂಗಡಿ ಲೆಕ್ಕವೂ ಸರಿ ಕೂಡುವುದಿಲ್ಲ. ಅಧಿಕಾರಿ ಮೇಲಿನವರಿಗೆ ಉತ್ತರ ಕೊಡುತ್ತಾನೆ, ಮೆಂಬರ ಕೆಳಗಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಬಾಗಿಲಿಗೆ ಬರಲೇಬೇಕಾದ ಹೆದರಿಕೆ ಇದೆಯಲ್ಲ, ಪ್ರಜಾಪ್ರಭುತ್ವ ನಡೆಯುವುದೇ ಅದರ ಮೇಲೆ.

ಚುನಾವಣೆ ತಡವಾದದ್ದು ಯಾಕೆ? ಹಿಂದುಳಿದ ವರ್ಗಗಳ ಮೀಸಲಾತಿಗೆ ಪ್ರತ್ಯೇಕ ಆಯೋಗದ ಅಂಕಿ-ಅಂಶ ಬೇಕು, ಒಟ್ಟು ಮೀಸಲಾತಿ ನೂರಕ್ಕೆ 50 ಮೀರಬಾರದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಮುಂದೆ ಬಾಂಠಿಯಾ ಆಯೋಗ, ಅದರ ವರದಿ, ಸರ್ಕಾರ ಬದಲಾವಣೆ, ಕ್ಷೇತ್ರಗಳ ಗಡಿಗೆರೆಯ ಜಗಳ, ಯಥಾಸ್ಥಿತಿ ಆದೇಶ. ಮೀಸಲಾತಿಯ ಪ್ರಶ್ನೆ ಸಣ್ಣದಲ್ಲ. ಸಭೆಯಲ್ಲಿ ಯಾರು ಕೂಡಬೇಕು ಎಂಬುದೂ ಪ್ರಾತಿನಿಧ್ಯದ್ದೇ ಪ್ರಶ್ನೆ. ಆದರೆ ಪಂಕ್ತಿಯಲ್ಲಿ ಯಾರು ಎಲ್ಲಿ ಕೂಡಬೇಕೆಂಬ ವಾದದಲ್ಲಿ ಊಟವೇ ಬಂದಾದರೆ ಹಸಿದವರಿಗೆ ಏನು ಸಿಕ್ಕಂಗಾಯ್ತು? ಪಂಚಾಯತ ಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಪೂರ್ತಿಯಾಗಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳಿದೆ. ಕಡೆಗೆ ಕೋರ್ಟೇ ಗಡುವು ಹಾಕಬೇಕಾಯಿತು. 2025ರ ಮೇ 6ರಂದು ನಾಲ್ಕು ತಿಂಗಳೊಳಗೆ ಚುನಾವಣೆ ಮುಗಿಸಿ ಎಂದಿತು, ಅದೂ ಆಗದೆ 2026ರ ಜನವರಿ 31ರ ತನಕ ಮುಂದೂಡಿತು.

ಇದೇ ಖಾಲಿ ಕಾಲದಲ್ಲಿ ಜತ್ತದಲ್ಲಿ ನಡೆದದ್ದನ್ನು ನೆನೆಯಬೇಕು. 2022ರ ನವೆಂಬರಿನಲ್ಲಿ ಆಗಿನ ಕರ್ನಾಟಕ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ ತಾಲೂಕಿನ 40 ಹಳ್ಳಿಗಳ ಹಳೆಯ ಠರಾವಿನ ಮಾತೆತ್ತಿದರು. ನೀರಿಲ್ಲದ ಸಿಟ್ಟಿಗೆ 'ಕರ್ನಾಟಕಕ್ಕೆ ಹೋಗ್ತೀವಿ' ಎಂದು ಮಾಡಿದ್ದ ಠರಾವು ಅದು. ಅದು 2012ರದೆಂದು ದೇವೇಂದ್ರ ಫಡಣವೀಸರು ಹೇಳಿದರು. ಎರಡೂ ರಾಜ್ಯಗಳ ನಾಯಕರು ಮಾತಿಗೆ ಮಾತು ಬೆಳೆಸಿದರು. ಹತ್ತು ವರ್ಷ ಯಾರ ಕಿವಿಗೂ ಬೀಳದ ಪೂರ್ವ ಜತ್ತದ ನೀರಿನ ಕೂಗು ಹತ್ತೇ ದಿನದಲ್ಲಿ ಮುಂಬಯಿ ಮುಟ್ಟಿತು. ವಿಸ್ತಾರಿತ ಮ್ಹೈಸಾಳ ಯೋಜನೆಯ ಕಡತಕ್ಕೂ ಕಾಲು ಬಂತು.

ಇದರಿಂದ ಕಲಿಯಬೇಕಾದ ಪಾಠ ಕಹಿಯೇ. ಸಭೆಯಲ್ಲಿ ಕೇಳಿದ್ದಕ್ಕೆ ಸಿಗದ ಉತ್ತರ ಗಡಿ ದಾಟ್ತೀವಿ ಅಂದಾಗ ಸಿಕ್ಕರೆ, ಮಂದಿ ಸಭೆಯನ್ನು ನಂಬುವುದಾದರೂ ಹೇಗೆ? ಗಡಿ ಎಲ್ಲಿರಬೇಕೆಂಬ ವಾದ ಕೋರ್ಟಿನಲ್ಲಿದೆ, ಇರಲಿ. ನೀರು, ಮಾಸ್ತರ, ರಸ್ತೆ ಮಾತ್ರ ಆ ತೀರ್ಪಿಗೆ ಕಾಯುವಂಥವಲ್ಲ.

ಚುನಾವಣೆ ಆದ ಮಾತ್ರಕ್ಕೆ ಎಲ್ಲ ಸರಿಹೋಗುವುದೂ ಇಲ್ಲ. ನಮ್ಮ ಪದ್ಧತಿಯಲ್ಲಿ ಹೆಚ್ಚು ಮತ ಬಿದ್ದವನು ಗೆಲ್ಲುತ್ತಾನೆ. ನಾಲ್ಕೈದು ಮಂದಿ ನಿಂತರೆ ಮೂರರಲ್ಲೊಂದು ಪಾಲು ಮತ ಸಾಕಾಗುತ್ತದೆ. ಉಳಿದ ಎರಡು ಪಾಲಿನವರಿಗೂ ಆತನೇ ಪ್ರತಿನಿಧಿ. 'ನೀ ನನಗ ಹಾಕಿಲ್ಲ' ಎನ್ನುವ ಹಕ್ಕು ಗೆದ್ದವನಿಗಿಲ್ಲ. 'ನಾ ಅವಗ ಹಾಕಿಲ್ಲ, ಹೆಂಗ ಕೇಳ್ಲಿ' ಎಂದು ಮತದಾರ ಸುಮ್ಮನಿರುವುದೂ ತಪ್ಪು.

ಕೇಳಲು ಜಾಗವಿದೆ. ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ಗ್ರಾಮಸಭೆ ನಡೆಯಲೇಬೇಕು. ಮತದಾರರಲ್ಲಿ ನೂರಕ್ಕೆ 15 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಕೂಡಿದರೆ ಕೋರಂ ಆಯಿತು. ಮದುವೆ ಊಟಕ್ಕೆ ಸಾವಿರ ಮಂದಿ ಕೂಡುವ ಊರಲ್ಲಿ ಗ್ರಾಮಸಭೆಗೆ ನೂರು ಮಂದಿ ಕೂಡುವುದು ದೊಡ್ಡ ಮಾತೇನಲ್ಲ. ಅಲ್ಲಿ ಕನ್ನಡದಲ್ಲಿ ಕೇಳಲಿ, ಠರಾವು ಮರಾಠಿಯಲ್ಲೇ ಬರೆಸಲಿ, ಅದರ ನಕಲು ಪಡೆದು ಝೆಡ್ಪಿ ಮೆಂಬರನ ಕೈಗೆ ಕೊಟ್ಟು 'ಮುಂದಿನ ಸಭೆಯಾಗ ಇದನ್ನ ಎತ್ರಿ' ಎನ್ನಲಿ. ಎತ್ತಿದನೋ ಇಲ್ಲವೋ ಎಂದು ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳಲಿ.

ಎರಡು ಭಾಷೆ ಬಲ್ಲದ್ದು ಗಡಿಯ ಮಂದಿಯ ದೌರ್ಬಲ್ಯವಲ್ಲ, ಬಂಡವಾಳ. ಮತ ಕೇಳುವಾಗ ಕನ್ನಡ ನೆನಪಾಗುವವರಿಗೆ ಮಾತು ಕೇಳುವಾಗಲೂ ಅದು ನೆನಪಿರುವಂತೆ ನೋಡಿಕೊಳ್ಳುವುದು ಮತದಾರನ ಕೆಲಸ. ಬೆರಳಿನ ಶಾಯಿ ಅಳಿಸಿದ ಮರುದಿನದಿಂದಲೇ ಅದು ಶುರುವಾಗಬೇಕು.