ಭಾರತ ಯಾವ ಕಡೆ ಕೈ ಎತ್ತಿತ್ತು?

ಮಾಡೆಲ್ ಯುನೈಟೆಡ್ ನೇಷನ್ಸ್ ಅನ್ನೋದು ಬೆಂಗಳೂರಿನ ಶಾಲೆ-ಕಾಲೇಜುಗಳಲ್ಲಿ ಈಗ ಭಾರೀ ಚಾಲ್ತಿಯಲ್ಲಿದೆ. ಹುಡುಗರು ಅದನ್ನು ಚಿಕ್ಕದಾಗಿ 'ಮನ್' ಅಂತಾರೆ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ವಿಶ್ವಸಂಸ್ಥೆಯ ಸಭೆಯ ಅಣಕು ಪ್ರದರ್ಶನ. ಒಬ್ಬೊಬ್ಬರಿಗೆ ಒಂದೊಂದು ದೇಶ. ಕೋಟು-ಟೈ ಹಾಕಿಕೊಂಡು ಆ ದೇಶದ ಪರವಾಗಿ ವಾದ ಮಾಡಬೇಕು, ಕೊನೆಗೊಂದು ನಿರ್ಣಯ ಬರೆದು ಮತಕ್ಕೆ ಹಾಕಬೇಕು. ಚೆನ್ನಾಗಿ ಮಾತಾಡಿದವರಿಗೆ 'ಬೆಸ್ಟ್ ಡೆಲಿಗೇಟ್' ಬಹುಮಾನ.

ಗೆಳೆಯನ ಒತ್ತಾಯಕ್ಕೆ ಇಂಥದ್ದೊಂದರಲ್ಲಿ ಒಂದು ಶನಿವಾರ ಪೂರ್ತಿ ಕೂತಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ಮಾನವ ಹಕ್ಕುಗಳ ಮಂಡಳಿ. ವಿಷಯ, ಶ್ರೀಲಂಕಾದಲ್ಲಿ ಯುದ್ಧ ಮುಗಿದ ಮೇಲೆ ಸಿಗಬೇಕಾದ ನ್ಯಾಯ. ಭಾರತ ಆಗಿದ್ದ ಹುಡುಗ ಸೊಗಸಾಗಿ ಮಾತಾಡಿದ. ಬುದ್ಧ ಬಂದ, ಗಾಂಧಿ ಬಂದರು, ವಸುಧೈವ ಕುಟುಂಬಕಂ ಬಂತು. ಚಪ್ಪಾಳೆಯೂ ಬಂತು. ಆಗ ಶ್ರೀಲಂಕಾ ಆಗಿದ್ದ ಹುಡುಗಿ ಎದ್ದು, ಭಾರತ 2009ರಲ್ಲಿ ಯಾವ ಕಡೆ ಮತ ಹಾಕಿತ್ತು ಅಂತ ಕೇಳಿದಳು. ಹುಡುಗ ತಬ್ಬಿಬ್ಬಾದ. ಅಧ್ಯಕ್ಷರು ಸಮಯ ಮುಗಿಯಿತು ಅಂದುಬಿಟ್ಟರು! ಸಂಜೆ ಬಹುಮಾನ ಹೋಗಿದ್ದು ಆ ಹುಡುಗನಿಗೇ.

ನನ್ನ ತಕರಾರು ಇರೋದು ಇಲ್ಲೇ. ಆ ಹುಡುಗಿ ಕೇಳಿದ್ದೇ ಅವತ್ತಿನ ಅತಿ ಮುಖ್ಯ ಪ್ರಶ್ನೆ, ಅದಕ್ಕೆ ಉತ್ತರವೂ ಗುಟ್ಟೇನಲ್ಲ. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಅದೇ ತಿಂಗಳ 27ರಂದು ಜಿನೀವಾದಲ್ಲಿ ಒಂದು ನಿರ್ಣಯ ಪಾಸಾಯಿತು, ಪರ 29, ವಿರುದ್ಧ 12, ತಟಸ್ಥ 6. ಶ್ರೀಲಂಕಾ ಸರಕಾರಕ್ಕೆ ಹಿತವಾಗಿದ್ದ ಆ ನಿರ್ಣಯಕ್ಕೆ ಭಾರತ ಕೈ ಎತ್ತಿತು. ಯುದ್ಧದ ಕೊನೆಯ ಘಟ್ಟದಲ್ಲಿ ಸತ್ತ ನಾಗರಿಕರು 40,000ದಷ್ಟು ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದು 2011ರಲ್ಲಿ. 2012ರಲ್ಲಿ ಮತ್ತು 2013ರಲ್ಲಿ ಶ್ರೀಲಂಕಾವನ್ನು ಪ್ರಶ್ನಿಸುವ ನಿರ್ಣಯಗಳು ಬಂದಾಗ ಭಾರತ ಅವುಗಳ ಪರ ನಿಂತಿತು. 2014ರಲ್ಲಿ ಅಂತಾರಾಷ್ಟ್ರೀಯ ತನಿಖೆಯ ಮಾತು ಬಂದ ಕೂಡಲೇ, ಇದು ಸಾರ್ವಭೌಮತ್ವದಲ್ಲಿ ಕೈ ಹಾಕಿದಂತೆ ಅಂದು ತಟಸ್ಥವಾಯಿತು. 2021ರಲ್ಲೂ ತಟಸ್ಥ, 2022ರಲ್ಲೂ ತಟಸ್ಥ.

ಹೀಗೆ ಯಾಕಾಯಿತು ಅಂತ ನೋಡುತ್ತಾ ಹೋದರೆ ಕಥೆ ಬಿಚ್ಚಿಕೊಳ್ಳುತ್ತೆ. 2013ರ ಮತದಾನಕ್ಕೆ ಎರಡು ದಿನ ಮೊದಲು ಡಿಎಂಕೆ ಯುಪಿಎ ಸರಕಾರದಿಂದ ಹೊರಬಂದಿತ್ತು. ಅತ್ತ ಹಂಬನ್‌ತೋಟದಲ್ಲಿ ಚೀನಾದ ಸಾಲದ ದುಡ್ಡಲ್ಲಿ ಬಂದರು ಎದ್ದಿತ್ತು. ಚೆನ್ನೈ ಒಂದು ಕಡೆ ಎಳೆದರೆ ಬೀಜಿಂಗ್‌ನ ಭಯ ಇನ್ನೊಂದು ಕಡೆ. ತಮಿಳರ ಬಗ್ಗೆ ಕಾಳಜಿ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಆದರೆ ಆ ಕಾಳಜಿ ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ. ಹದಿನೇಳು-ಹದಿನೆಂಟರ ಹುಡುಗರಿಗೆ ಇದು ಅರ್ಥ ಆಗಲ್ಲ ಅಂತೀರಾ? ಆ ಹುಡುಗಿಗೆ ಆಗಿತ್ತಲ್ಲ!

ನಮ್ಮ ಕರಾವಳಿ ಕಡೆ ತಾಳಮದ್ದಳೆ ನೋಡಿದವರಿಗೆ ಈ ಆಟ ಹೊಸದಲ್ಲ. 'ಕೃಷ್ಣಸಂಧಾನ' ಪ್ರಸಂಗ ಅಂದರೆ ಇನ್ನೇನು, ರಾಯಭಾರವೇ ತಾನೆ? ವೇಷ ಇಲ್ಲ, ಬಣ್ಣ ಇಲ್ಲ, ಬರೀ ಮಾತು. ಇವತ್ತು ಕೃಷ್ಣನ ಅರ್ಥ ಹೇಳಿದವರೇ ನಾಳೆ ಕೌರವನ ಅರ್ಥ ಹೇಳ್ತಾರೆ. ಪಾಂಡವರಿಗೆ ಯಾಕೆ ಐದು ಊರೂ ಕೊಡಲ್ಲ ಅನ್ನೋದಕ್ಕೆ ಕೌರವನ ಅರ್ಥಧಾರಿ ಕಾರಣಗಳನ್ನು ಪೋಣಿಸುತ್ತಾ ಹೋದರೆ, ಕೂತವರು ಅರೆಗಳಿಗೆ 'ಹೌದಲ್ಲ!' ಅಂದುಕೊಳ್ಳಬೇಕು. ಆದರೆ ಅವರಿಗೆ ಪ್ರಸಂಗ ಗೊತ್ತಿರಬೇಕು, ಹಿಂದಿನ ಕಥೆ ಗೊತ್ತಿರಬೇಕು. ದ್ಯೂತದ ವಿಷಯ ಎದುರಿನವರು ಎತ್ತಿದಾಗ ಧರ್ಮದ ಬಗ್ಗೆ ಭಾಷಣ ಬಿಗಿದು ತಪ್ಪಿಸಿಕೊಂಡರೆ ಸಭೆಯಲ್ಲಿ ಕೂತ ಅಜ್ಜಂದಿರು ಸುಮ್ಮನೆ ಬಿಡಲ್ಲ. ಮನ್‌ನಲ್ಲಿ ಅಂಥ ಅಜ್ಜಂದಿರು ಇಲ್ಲ. ಇರೋದು ಇಂಗ್ಲಿಷ್ ಎಷ್ಟು ಚೆಂದ ಅಂತ ನೋಡುವ ತೀರ್ಪುಗಾರರು.

(ನಿಜವಾದ ವಿಶ್ವಸಂಸ್ಥೆಯಲ್ಲಿ ಆರು ಅಧಿಕೃತ ಭಾಷೆಗಳಿವೆ ಸ್ವಾಮಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅನುವಾದ ಕೇಳ್ತಾ ಕೂರ್ತಾರೆ. ಅಲ್ಲಿ ಯಾರ ಉಚ್ಚಾರಣೆಗೂ ಬಹುಮಾನ ಇಲ್ಲ!)

ಹಾಗಂತ ಇದೆಲ್ಲ ಬರೀ ಮಾತು, ಶಬ್ದದ ಜಗಳ, ಬಿಟ್ಟುಬಿಡಿ ಅನ್ನುವವರ ಪೈಕಿ ನಾನಲ್ಲ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬರೆಯುವಾಗ ಮೊದಲ ವಿಧಿಯಲ್ಲಿ 'ಆಲ್ ಮೆನ್' ಅಂತ ಇತ್ತು. ಭಾರತದ ಪ್ರತಿನಿಧಿ ಹಂಸಾ ಮೆಹತಾ ಅದಕ್ಕೆ ತಕರಾರು ತೆಗೆದರು, ಹೆಂಗಸರನ್ನು ಹೊರಗಿಡೋಕೆ ಕೆಲವು ದೇಶಗಳಿಗೆ ಆ ಒಂದು ಶಬ್ದವೇ ಸಾಕು ಅಂತ. ಕೊನೆಗೆ 'ಆಲ್ ಹ್ಯೂಮನ್ ಬೀಯಿಂಗ್ಸ್' ಆಯಿತು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ 48 ದೇಶಗಳು ಅದಕ್ಕೆ ಒಪ್ಪಿದವು, 8 ತಟಸ್ಥವಾದವು, ವಿರುದ್ಧ ಯಾರೂ ಇಲ್ಲ. ಆಕೆ ಜಗಳ ಆಡಿದ್ದು ಶಬ್ದಕ್ಕೇ, ಆದರೆ ಆ ಶಬ್ದದ ಹಿಂದೆ ಯಾರಿದ್ದಾರೆ ಅನ್ನೋದು ಆಕೆಗೆ ಗೊತ್ತಿತ್ತು.

ನಾನು ನೋಡಿದ ಸಭೆಯಲ್ಲಿ 'ಖಂಡಿಸುತ್ತದೆ' ಅನ್ನಬೇಕೋ 'ಕಳವಳ ವ್ಯಕ್ತಪಡಿಸುತ್ತದೆ' ಅನ್ನಬೇಕೋ ಅಂತ ಮುಕ್ಕಾಲು ಗಂಟೆ ಚರ್ಚೆ ಆಯಿತು. ಕಾಣೆಯಾದ ಮಕ್ಕಳಿಗಾಗಿ 2017ರಲ್ಲಿ ಕಿಳಿನೊಚ್ಚಿಯಲ್ಲಿ ಧರಣಿ ಕೂತು ಸಾವಿರ ದಿನ ದಾಟಿಸಿದ ತಾಯಂದಿರ ಹೆಸರು ಇಡೀ ದಿನದಲ್ಲಿ ಒಂದು ಸಲವೂ ಬರಲಿಲ್ಲ.

ಇಂಥ ಸಭೆ ನಡೆಸುವವರಿಗೆ ಒಂದು ಸಲಹೆ. ಪೊಸಿಷನ್ ಪೇಪರ್ ಅಂತ ಎರಡು ಪುಟ ಬರೆಸ್ತೀರಲ್ಲ, ಅದರ ಮೊದಲ ಪುಟದಲ್ಲಿ ತಮ್ಮ ದೇಶ ಈ ವಿಷಯದಲ್ಲಿ ಇಲ್ಲಿವರೆಗೆ ಹಾಕಿದ ಮತಗಳ ಪಟ್ಟಿ ಬರೆಯೋಕೆ ಹೇಳಿ. ವಿಶ್ವಸಂಸ್ಥೆಯ ವೆಬ್‌ಸೈಟಿನಲ್ಲೇ ಸಿಗುತ್ತೆ, ಕಾಸೂ ಖರ್ಚಿಲ್ಲ. ಪ್ರಶ್ನೆ ಕೇಳಿದವರಿಗೂ ಅಂಕ ಕೊಡಿ. ಮತ್ತೆ ದಯವಿಟ್ಟು, ಉತ್ತರ ಬರುವ ಮೊದಲೇ ಸಮಯ ಮುಗಿಸಬೇಡಿ.